ಐದು ನಿಮಿಷ ಅಂದರೆ ಯಾರ ಐದು ನಿಮಿಷ?

ಸ್ಟೇಷನ್ ಕಣ್ಣೆದುರಿಗೇ ಇತ್ತು. ಬಾಲ್ಕನಿಯಲ್ಲಿ ನಿಂತರೆ ಪ್ಲಾಟ್‌ಫಾರ್ಮಿನ ಚಾವಣಿ, ಅದರ ಕೆಳಗೆ ರೈಲಿಗೆ ಕಾಯುತ್ತಿದ್ದ ಜನ, ಎಲ್ಲ ಕಾಣುತ್ತಿತ್ತು. ಮನೆ ತೋರಿಸಲು ಬಂದಿದ್ದ ಬ್ರೋಕರ್ "ನೋಡಿ ಮೇಡಂ, ಕೈ ಚಾಚಿದ್ರೆ ಸಿಗುತ್ತೆ" ಅಂದರು. ಜಾಹೀರಾತಿನಲ್ಲೂ "ಸ್ಟೇಷನ್‌ಗೆ ಐದು ನಿಮಿಷ" ಅಂತಲೇ ಇತ್ತು. ಮನೆ ನೋಡಿ ಮುಗಿದ ಮೇಲೆ ನಾನೂ ಅಮ್ಮನೂ ಒಂದ್ಸಲ ನಡೆದು ನೋಡೋಣ ಅಂತ ಹೊರಟೆವು. ಕಟ್ಟಡಕ್ಕೂ ಸ್ಟೇಷನ್‌ಗೂ ನಡುವೆ ಹಳಿಗಳಿದ್ದವು. ಹಳಿಗಳ ಉದ್ದಕ್ಕೂ ಎತ್ತರದ ಗೋಡೆ. ದಾಟಲು ಇದ್ದದ್ದು ದೂರದಲ್ಲಿ ಒಂದು ಮೇಲ್ಸೇತುವೆ ಮಾತ್ರ. ಅಮ್ಮ ಅದರ ಅರ್ಧ ಮೆಟ್ಟಿಲು ಹತ್ತಿ, ಕಂಬಿ ಹಿಡಿದು ನಿಂತುಬಿಟ್ಟಳು.

"ನೀನು ಹೋಗಿ ನೋಡ್ಕೊಂಡು ಬಾ. ನಾನಿಲ್ಲೇ ಇರ್ತೀನಿ" ಅಂದಳು.

ನಾನು ಸ್ಟೇಷನ್ ಬಾಗಿಲು ಮುಟ್ಟುವ ಹೊತ್ತಿಗೆ ಹತ್ತೊಂಬತ್ತು ನಿಮಿಷ ಆಗಿತ್ತು. ಅದು ನಾವು ನೋಡಿದ ಮೂರನೇ ಮನೆ. ಒಟ್ಟು ಹನ್ನೊಂದು ಮನೆ ನೋಡಿದೆವು, ಆರು ವಾರ ಹಿಡಿಯಿತು. ಆದರೆ ಮನೆ ಹುಡುಕುವುದನ್ನು ನಾನು ನಿಜವಾಗಿ ಕಲಿತದ್ದು ಆ ಮೇಲ್ಸೇತುವೆಯ ಮೆಟ್ಟಿಲ ಮೇಲೆ.

ಹುಡುಕಾಟ ಶುರುವಾದದ್ದು ನನ್ನ ಕೆಲಸ ಬದಲಾದ ಮೇಲೆ. ಹಳೆಯ ಮನೆಯಿಂದ ಹೊಸ ಆಫೀಸಿಗೆ ಒಂದು ಕಡೆಗೇ ಒಂದೂ ಮುಕ್ಕಾಲು ಗಂಟೆ. ಮೊದಲು ಒಂದು ಬಸ್ಸು, ಆಮೇಲೆ ಮೆಟ್ರೊ, ಇಳಿದ ಮೇಲೆ ಇನ್ನೊಂದು ಬಸ್ಸು. ದಿನಕ್ಕೆ ಮೂರೂವರೆ ಗಂಟೆ ರಸ್ತೆಯಲ್ಲೇ ಕಳೆಯುತ್ತಿತ್ತು. ಇಟಲಿಯ ಸೆಸಾರೆ ಮಾರ್ಕೆಟ್ಟಿ ಅನ್ನುವ ವಿಜ್ಞಾನಿ 1994ರಲ್ಲಿ ಒಂದು ಮಾತು ಬರೆದಿದ್ದರು. ನಡೆದೇ ಓಡಾಡುತ್ತಿದ್ದ ಕಾಲದಿಂದ ಇವತ್ತಿನವರೆಗೂ ಮನುಷ್ಯ ದಿನದ ಓಡಾಟಕ್ಕೆ ಕೊಡುವುದು ಸರಾಸರಿ ಒಂದು ಗಂಟೆ. ವಾಹನ ವೇಗವಾದಷ್ಟೂ ಊರು ಹಿಗ್ಗುತ್ತದೆ, ಆ ಒಂದು ಗಂಟೆ ಮಾತ್ರ ಹಾಗೇ ಉಳಿಯುತ್ತದೆ. ಅದನ್ನು ಓದಿದಾಗ ನನಗೆ ಒಂಥರಾ ಸಮಾಧಾನ ಆಯಿತು. ನನ್ನ ಸುಸ್ತು ನನ್ನ ಸೋಮಾರಿತನ ಅಲ್ಲ, ನಾನು ಮೂರೂವರೆ ಪಟ್ಟು ಜಾಸ್ತಿ ಕೊಡುತ್ತಿದ್ದೇನೆ ಅಷ್ಟೆ ಅಂತ ಗೊತ್ತಾಯಿತು.

ಅಮ್ಮನ ಕಥೆ ಬೇರೆ. ಅವಳ ಎರಡೂ ಮಂಡಿ ಸವೆದಿವೆ. ನಡೆಯುತ್ತಾಳೆ, ಆದರೆ ನಿಧಾನ. ಹಳೆಯ ಮನೆ ಇದ್ದದ್ದು ಊರಿನ ಅಂಚಿನಲ್ಲಿ. ನಾನು ಜೊತೆಗಿದ್ದರೆ ಮಾತ್ರ ಅವಳು ಹೊರಗೆ ಬರುತ್ತಿದ್ದಳು. ಅವಳ ತಂಗಿ, ನನ್ನ ಚಿಕ್ಕಮ್ಮ, ಇದೇ ನಗರದಲ್ಲಿ ಮೆಟ್ರೊ ಸ್ಟೇಷನ್ ಪಕ್ಕದಲ್ಲೇ ಇದ್ದಾರೆ. ಇಬ್ಬರೂ ವಾರಕ್ಕೆ ನಾಲ್ಕು ಸಲ ಫೋನಿನಲ್ಲಿ ಮಾತಾಡುತ್ತಿದ್ದರು. ಮುಖ ನೋಡುತ್ತಿದ್ದದ್ದು ಎರಡು ಮೂರು ತಿಂಗಳಿಗೊಮ್ಮೆ.

ಆದರೂ ಮೊದಮೊದಲು ನಾನು ಮನೆ ಹುಡುಕಿದ್ದು ನನಗೋಸ್ಕರವೇ. ಇದನ್ನು ಹೇಳಲೇಬೇಕು.

ಮೊದಲು ದುಡ್ಡಿನ ಲೆಕ್ಕ. ಸ್ಟೇಷನ್ ಹತ್ತಿರ ಬಾಡಿಗೆ ಜಾಸ್ತಿ, ಅದು ಎಲ್ಲರಿಗೂ ಗೊತ್ತಿರುವುದೇ. ಸಂಬಳದಲ್ಲಿ ನೂರಕ್ಕೆ ಮೂವತ್ತಕ್ಕಿಂತ ಜಾಸ್ತಿ ಬಾಡಿಗೆಗೆ ಹೋಗಬಾರದು ಅಂತ ಒಂದು ಮಾತಿದೆ. ಆ ಲೆಕ್ಕದಲ್ಲಿ ನನಗೆ ಸ್ಟೇಷನ್ ಪಕ್ಕದ ಒಂದು ಮನೆಯೂ ದಕ್ಕುತ್ತಿರಲಿಲ್ಲ. ಆದರೆ ಆ ಲೆಕ್ಕ ಅರ್ಧ ಮಾತ್ರ. ಅಮೆರಿಕದ ಷಿಕಾಗೊದಲ್ಲಿ ಸೆಂಟರ್ ಫಾರ್ ನೇಬರ್‌ಹುಡ್ ಟೆಕ್ನಾಲಜಿ ಅನ್ನುವ ಸಂಸ್ಥೆ ಇದೆ. ಅವರು ಮನೆ ಖರ್ಚನ್ನೂ ಓಡಾಟದ ಖರ್ಚನ್ನೂ ಕೂಡಿಸಿ ನೋಡುತ್ತಾರೆ. ಎರಡೂ ಸೇರಿ ಆದಾಯದ ನೂರಕ್ಕೆ ನಲವತ್ತೈದರ ಒಳಗಿದ್ದರೆ ಆ ಜಾಗ ಕೈಗೆಟುಕುತ್ತದೆ ಅನ್ನುವುದು ಅವರ ಅಳತೆ. ನಾನೂ ಹಾಗೇ ಕೂಡಿಸಿ ನೋಡಿದೆ. ತಡವಾದಾಗ ಹಿಡಿಯುತ್ತಿದ್ದ ಟ್ಯಾಕ್ಸಿ, ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುವ ಖರ್ಚು, ಬಸ್ ಪಾಸು, ಎಲ್ಲ ಮೂರು ತಿಂಗಳದ್ದು ಬರೆದೆ. ಹಳೆಯ ಮನೆಯ ಬಾಡಿಗೆ ಕಡಿಮೆಯಿತ್ತು ನಿಜ. ಆದರೆ ಉಳಿಯುತ್ತಿದೆ ಅಂದುಕೊಂಡಿದ್ದ ದುಡ್ಡಿನಲ್ಲಿ ಮುಕ್ಕಾಲು ಪಾಲು ದಾರಿಯಲ್ಲೇ ಸೋರಿಹೋಗುತ್ತಿತ್ತು. ಮನೆ ಬದಲಿಸಬೇಕು ಅಂದುಕೊಂಡಿರುವವರು ದಯವಿಟ್ಟು ಈ ಕೆಲಸ ಮೊದಲು ಮಾಡಿ. ಅಂದಾಜಿನಲ್ಲಿ ಬೇಡ, ಬರೆದು ನೋಡಿ.

ಆಮೇಲೆ ನಕ್ಷೆ ತೆಗೆದು ಕೂತೆ. ಎಲ್ಲರೂ ಮನೆಯಿಂದ ಆಫೀಸಿಗೆ ಎಷ್ಟು ದೂರ ಅಂತ ನೋಡುತ್ತಾರೆ. ನಾನು ಆಫೀಸಿನಿಂದ ಹಿಂದಕ್ಕೆ ಬಂದೆ. ಆಫೀಸಿನಿಂದ ಹೊರಟರೆ ನಲವತ್ತು ನಿಮಿಷದಲ್ಲಿ ಎಲ್ಲೆಲ್ಲಿಗೆ ಮುಟ್ಟಬಹುದು? ಆ ಜಾಗಗಳನ್ನೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಇದೇನೂ ನನ್ನ ಉಪಾಯ ಅಲ್ಲ. 1881ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಅನ್ನುವವರು ಲಂಡನ್ನಿನಿಂದ ಹೊರಟರೆ ಎಷ್ಟು ದಿನದಲ್ಲಿ ಭೂಮಿಯ ಯಾವ ಭಾಗ ಮುಟ್ಟಬಹುದು ಅಂತ ಬಣ್ಣ ಹಚ್ಚಿ ಇಂಥ ನಕ್ಷೆ ಮಾಡಿದ್ದರು. ನನ್ನದು ದಿನದ ಲೆಕ್ಕ ಅಲ್ಲ, ನಿಮಿಷದ ಲೆಕ್ಕ ಅಷ್ಟೆ. ಬಿಡಿಸಿದ ಮೇಲೆ ಆಶ್ಚರ್ಯ ಆಯಿತು. ಗುಂಡಗೆ ಒಂದು ವೃತ್ತ ಬರಬಹುದು ಅಂದುಕೊಂಡಿದ್ದೆ. ಬಂದದ್ದು ಚಾಚಿದ ಬೆರಳುಗಳ ಹಾಗೆ. ಮೆಟ್ರೊ ಮಾರ್ಗದ ಉದ್ದಕ್ಕೂ ಉದ್ದುದ್ದ ಬೆರಳು, ನಡುವೆ ದೊಡ್ಡ ದೊಡ್ಡ ಖಾಲಿ ಜಾಗ. ಆಫೀಸಿನಿಂದ ನಾಲ್ಕು ಕಿಲೋಮೀಟರ್ ದೂರದ ಬಡಾವಣೆ ಹೊರಗುಳಿದಿತ್ತು. ಹದಿನಾಲ್ಕು ಕಿಲೋಮೀಟರ್ ಆಚೆಯ ಸ್ಟೇಷನ್ ಒಳಗಿತ್ತು!

ರೈಲು ಬದಲಿಸುವ ಜಾಗಗಳನ್ನು ನಾನು ಬೇಕೆಂದೇ ಬಿಟ್ಟೆ. ಕಾಯುವ ಒಂದು ನಿಮಿಷ ಕೂತು ಹೋಗುವ ಒಂದು ನಿಮಿಷಕ್ಕಿಂತ ಉದ್ದ ಅನ್ನಿಸುತ್ತದೆ ಅನ್ನುವುದು ಸಾರಿಗೆ ಯೋಜನೆ ಮಾಡುವವರೆಲ್ಲ ಒಪ್ಪಿರುವ ಮಾತು. ಅವರು ಲೆಕ್ಕ ಹಾಕುವಾಗಲೂ ಕಾಯುವ ಹೊತ್ತಿಗೆ ಹೆಚ್ಚು ತೂಕ ಕೊಡುತ್ತಾರೆ. ಅಮ್ಮನಿಗಂತೂ ರೈಲು ಬದಲಿಸುವುದು ಅಂದರೆ ಇನ್ನೊಂದು ಸಲ ಮೆಟ್ಟಿಲು, ಇನ್ನೊಂದು ಸಲ ನೂಕುನುಗ್ಗಲು. ಹೀಗೆ ಸೋಸಿದ ಮೇಲೆ ಉಳಿದದ್ದು ಒಂದೇ ಮಾರ್ಗದ ಏಳು ಸ್ಟೇಷನ್. ಚಿಕ್ಕಮ್ಮನ ಮನೆ ಆ ಮಾರ್ಗದ ಇನ್ನೊಂದು ತುದಿಯಲ್ಲಿತ್ತು. ಅದು ತಾನಾಗಿ ಕೂಡಿ ಬಂದದ್ದು.

ಮೊದಲ ಎರಡು ಮನೆಗಳ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಒಂದರಲ್ಲಿ ಬೆಳಕಿರಲಿಲ್ಲ, ಇನ್ನೊಂದರಲ್ಲಿ ನೀರು ಸರಿಯಿರಲಿಲ್ಲ. ಮೂರನೆಯದರ ಕಥೆ ಆಗಲೇ ಹೇಳಿದೆ.

ಆ ಸಂಜೆ ಮನೆಗೆ ಬಂದು "ಐದು ನಿಮಿಷ" ಅನ್ನುವ ಮಾತು ಎಲ್ಲಿಂದ ಬರುತ್ತದೆ ಅಂತ ಹುಡುಕಿದೆ. ಜಪಾನಿನಲ್ಲಿ ಮನೆ ಜಾಹೀರಾತಿಗೆ ನಿಯಮವೇ ಇದೆ. ನಡೆಯುವ ದಾರಿಯ 80 ಮೀಟರಿಗೆ ಒಂದು ನಿಮಿಷ ಅಂತ ಹಾಕಬೇಕು. ಎಂಬತ್ತಕ್ಕಿಂತ ಒಂದು ಮೀಟರ್ ಜಾಸ್ತಿ ಆದರೂ ಎರಡು ನಿಮಿಷ ಅಂತಲೇ ಬರೆಯಬೇಕು. ಆದರೆ ಅದರಲ್ಲಿ ಸಿಗ್ನಲ್ಲಿಗೆ ನಿಲ್ಲುವ ಹೊತ್ತು, ಏರು ಇಳಿಜಾರು ಸೇರಿಲ್ಲ. ಲಂಡನ್ನಿನಲ್ಲಿ ಒಂದು ಜಾಗಕ್ಕೆ ಸಾರಿಗೆ ಎಷ್ಟು ಹತ್ತಿರ ಅಂತ ಅಳೆಯುವಾಗಲೂ ಇದೇ 80 ಮೀಟರಿನ ಲೆಕ್ಕ. ಬಸ್ ಸ್ಟಾಪ್ 640 ಮೀಟರ್ ಒಳಗೆ, ರೈಲು ಸ್ಟೇಷನ್ 960 ಮೀಟರ್ ಒಳಗೆ ಇದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅಂದರೆ ಎಂಟು ನಿಮಿಷ, ಹನ್ನೆರಡು ನಿಮಿಷ. ಎರಡೂ ಕಡೆ ಅಳೆಯುವುದು ಕಾಲುದಾರಿಯನ್ನು. ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಲ್ಲ. ನಮಗೆ ತೋರಿಸಿದ ಮನೆಯ "ಐದು ನಿಮಿಷ" ಗೋಡೆಯನ್ನೂ ಹಳಿಯನ್ನೂ ದಾಟಿಕೊಂಡು ಹೋಗುವ ಹಕ್ಕಿಯ ಐದು ನಿಮಿಷ.

ನಿಮಿಷಕ್ಕೆ 80 ಮೀಟರ್ ಅಂದರೆ ಗಂಟೆಗೆ 4.8 ಕಿಲೋಮೀಟರ್. ನನ್ನ ನಡಿಗೆಗೆ ಅದು ಸರಿಹೋಗುತ್ತದೆ. ಅಮ್ಮನ ನಡಿಗೆ? ಮಾರನೇ ದಿನ ಮನೆ ಮುಂದಿನ ರಸ್ತೆಯಲ್ಲಿ ಅವಳ ಜೊತೆ ಗಡಿಯಾರ ಹಿಡಿದು ನಡೆದೆ. ನಿಮಿಷಕ್ಕೆ ನಲವತ್ತು ಮೀಟರ್. ಐದಾರು ನಿಮಿಷಕ್ಕೊಮ್ಮೆ ಕೂರಬೇಕು. ಅಂದರೆ ನನ್ನ ಹತ್ತು ನಿಮಿಷ ಅವಳ ಇಪ್ಪತ್ತೈದು ನಿಮಿಷ. ಇಷ್ಟು ದಿನ ಇದನ್ನು ಯೋಚಿಸಲೇ ಇಲ್ಲವಲ್ಲ ಅಂತ ಮನಸ್ಸಿಗೆ ತುಂಬಾ ಚುಚ್ಚಿತು. ಒಂದೇ ಮನೆಯಲ್ಲಿ ಇರುವವರು, ಅಲ್ವಾ?

ಅಲ್ಲಿಂದ ಮುಂದೆ ಪ್ರತಿ ಮನೆಯನ್ನೂ ಎರಡು ಸಲ ಅಳೆದೆವು. ಒಮ್ಮೆ ನನ್ನ ಕಾಲಲ್ಲಿ, ಒಮ್ಮೆ ಅಮ್ಮನ ಕಾಲಲ್ಲಿ. ಅಳತೆ ಮನೆ ಬಾಗಿಲಿನಿಂದ ಶುರು. ಮುಗಿಯುವುದು ಪ್ಲಾಟ್‌ಫಾರ್ಮಿನಲ್ಲಿ, ಸ್ಟೇಷನ್ ಗೇಟಿನಲ್ಲಿ ಅಲ್ಲ. ದೊಡ್ಡ ಸ್ಟೇಷನ್ನುಗಳಲ್ಲಿ ಗೇಟಿನಿಂದ ಪ್ಲಾಟ್‌ಫಾರ್ಮಿಗೇ ನಾಲ್ಕೈದು ನಿಮಿಷ ಬೇಕು. ತಪಾಸಣೆ, ಟಿಕೆಟ್ ಗೇಟು, ಎರಡು ಸುತ್ತು ಎಸ್ಕಲೇಟರ್. ಜಾಹೀರಾತಿನಲ್ಲಿ ಇದು ಯಾವತ್ತೂ ಇರುವುದಿಲ್ಲ.

ಐದನೇ ಮನೆ ನನಗೆ ತುಂಬಾ ಹಿಡಿಸಿತ್ತು. ಸ್ಟೇಷನ್‌ಗೆ ಇನ್ನೂರು ಮೀಟರ್. ಅಮ್ಮನಿಗೂ ಒಂದೇ ಏಟಿಗೆ ನಡೆಯುವಷ್ಟು. ಗಾಳಿ ಬೆಳಕು ಚೆನ್ನಾಗಿತ್ತು. ಮಧ್ಯಾಹ್ನ ಹೋದಾಗ ಕಿಟಕಿಯಲ್ಲಿ ಒಂದೆರಡು ರೈಲು ಹಾದುಹೋದವು, ಮಾತು ನಿಲ್ಲಿಸುವಷ್ಟು ಸದ್ದೇನೂ ಅನ್ನಿಸಲಿಲ್ಲ. ಆದರೂ ಓನರ್ ಹತ್ತಿರ ಕೇಳಿಕೊಂಡೆ, "ಸರ್, ರಾತ್ರಿ ಒಂದು ಗಂಟೆ ಇಲ್ಲಿ ಸುಮ್ನೆ ಕೂತು ನೋಡ್ಬೋದಾ?" ಅವರು ಒಳ್ಳೆಯವರು, ಬೀಗದ ಕೈ ಕೊಟ್ಟರು.

ರಾತ್ರಿ ಹತ್ತು ಗಂಟೆಗೆ ನಾವಿಬ್ಬರೂ ಆ ಖಾಲಿ ಮನೆಯಲ್ಲಿ ಚಾಪೆ ಹಾಸಿಕೊಂಡು ಕೂತೆವು. ಊರಿನ ಗಲಾಟೆ ತಗ್ಗಿದ ಮೇಲೆ ರೈಲಿನ ಸದ್ದು ಬೇರೆಯೇ ಆಗಿಬಿಡುತ್ತದೆ. ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ, ಮೆಟ್ರೊ ಮೇಲ್ಸೇತುವೆಯ ಹಳಿಗೆ ಸರಿಸಮ. ಕೆಳಗಿನ ಮಹಡಿಗೆ ಸೇತುವೆಯ ಪಕ್ಕದ ತಡೆಗೋಡೆ ಒಂದಷ್ಟು ಮರೆಯಾಗುತ್ತದೆ. ನಮಗೆ ಅದೂ ಇರಲಿಲ್ಲ. ಅದಕ್ಕಿಂತ ಕಷ್ಟದ ವಿಷಯ ಅಂದರೆ ಹಳಿ ಅಲ್ಲೇ ತಿರುಗುತ್ತಿತ್ತು. ಬಿಗಿಯಾದ ತಿರುವಿನಲ್ಲಿ ಚಕ್ರಗಳು ಹಳಿಯ ಮೇಲೆ ಸುಲಭವಾಗಿ ಉರುಳುವುದಿಲ್ಲ, ಸ್ವಲ್ಪ ಅಡ್ಡಕ್ಕೆ ಜಾರುತ್ತವೆ. ಆಗ ಕೀರಲು ಶಬ್ದ ಬರುತ್ತದೆ. ಗಾಜಿನ ಮೇಲೆ ಉಗುರು ಎಳೆದ ಹಾಗೆ.

ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಂಡಿದ್ದೆ. ಫೋನಿನ ಅಳತೆ ಪಕ್ಕಾ ಅಲ್ಲ, ಆದರೆ ಹೋಲಿಸಿ ನೋಡಲು ಸಾಕು. ರೈಲು ಇಲ್ಲದಾಗ ಮಲಗುವ ಕೋಣೆಯಲ್ಲಿ 38 ಡೆಸಿಬೆಲ್. ಕಿಟಕಿ ಮುಚ್ಚಿ ರೈಲು ಬಂದಾಗ 58. ಹತ್ತು ಡೆಸಿಬೆಲ್ ಏರಿದರೆ ನಮ್ಮ ಕಿವಿಗೆ ಸದ್ದು ಸುಮಾರು ಎರಡು ಪಟ್ಟು ಅನ್ನಿಸುತ್ತದೆ. ಇಪ್ಪತ್ತು ಏರಿದರೆ ನಾಲ್ಕು ಪಟ್ಟು. ರೈಲಿನ ಸದ್ದಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2018ರಲ್ಲಿ ಕೊಟ್ಟ ಸಲಹೆ ರಾತ್ರಿ ಹೊತ್ತಿನ ಸರಾಸರಿ 44 ಡೆಸಿಬೆಲ್ ದಾಟಬಾರದು ಅಂತ. ಅದು ಮನೆ ಹೊರಗೆ ಅಳೆಯುವ, ಇಡೀ ವರ್ಷದ ಸರಾಸರಿ. ಒಂದು ರೈಲು ಹಾದುಹೋದಾಗಿನ ಅಂಕಿಯನ್ನು ಅದರ ಪಕ್ಕ ಇಟ್ಟು ನೋಡುವುದು ಸರಿಯಲ್ಲ. ಆದರೆ ನಿದ್ದೆ ಕೆಡಿಸುವುದು ಸರಾಸರಿ ಅಲ್ಲ. ಕಣ್ಣು ಹತ್ತುವ ಹೊತ್ತಿಗೆ ಬರುವ ಆ ಒಂದು ರೈಲು.

ಅಮ್ಮ ಏನೂ ಹೇಳಲಿಲ್ಲ. ನನಗೆ ಈ ಮನೆ ಇಷ್ಟ ಅಂತ ಅವಳಿಗೆ ಗೊತ್ತಿತ್ತು. ನಾಲ್ಕನೇ ರೈಲು ಹೋದ ಮೇಲೆ ನಾನೇ ಕೇಳಿದೆ.

"ಅಮ್ಮ, ನಿಜ ಹೇಳು."

"ನಡೆಯೋಕೆ ಸುಲಭ ಕಣೇ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆದರೆ ಹಗಲೆಲ್ಲಾ ಮನೇಲಿರೋದು ನಾನು" ಅಂದಳು.

ಬೆಳಿಗ್ಗೆ ಬೀಗದ ಕೈ ವಾಪಸು ಕೊಟ್ಟೆ.

ಹತ್ತಿರ ಅನ್ನುವುದಕ್ಕೂ ಒಂದು ಮಿತಿ ಇದೆ ಅಂತ ನನಗೆ ಮನವರಿಕೆ ಆದದ್ದು ಆ ರಾತ್ರಿ. ಉದ್ದಕ್ಕೆ ಹರಿಯುವ ರಸ್ತೆ, ಹಳಿ ಇಂಥವುಗಳ ಸದ್ದು ದೂರ ಎರಡು ಪಟ್ಟಾದರೆ ಕಡಿಮೆಯಾಗುವುದು ಬರೀ ಮೂರು ಡೆಸಿಬೆಲ್ ಅಷ್ಟೆ. ಹಾಗಾಗಿ ಇನ್ನೂ ಐವತ್ತು ಹೆಜ್ಜೆ ಹಿಂದಕ್ಕೆ ಸರಿದರೆ ದೊಡ್ಡ ಲಾಭವೇನೂ ಇಲ್ಲ. ನಡುವೆ ಒಂದು ಸಾಲು ಕಟ್ಟಡ ಇದ್ದರೆ ಮಾತ್ರ ದೊಡ್ಡ ವ್ಯತ್ಯಾಸ. ಅಲ್ಲಿಂದ ಮುಂದೆ ಸ್ಟೇಷನ್ ರಸ್ತೆಯ ಮನೆಗಳನ್ನು ಬಿಟ್ಟು, ಅದರ ಹಿಂದಿನ ಬೀದಿಗಳಲ್ಲಿ ಹುಡುಕಿದೆ.

ಎಂಟನೇ ಮನೆಯಿಂದ ಮೆಟ್ರೊಗೆ ನಡೆಯಲು ಆಗುತ್ತಿರಲಿಲ್ಲ, ಬಾಗಿಲಲ್ಲೇ ಬಸ್ ಸ್ಟಾಪ್ ಇತ್ತು. "ಹತ್ತು ನಿಮಿಷಕ್ಕೊಂದು ಬಸ್ಸು, ಸ್ಟೇಷನ್‌ಗೆ ಬಿಡುತ್ತೆ" ಅಂದರು. ವೇಳಾಪಟ್ಟಿಯಲ್ಲೂ ಗಂಟೆಗೆ ಆರು ಬಸ್ಸು. ನಾನು ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಆ ಸ್ಟಾಪಿನಲ್ಲಿ ನಿಂತು ಬರೆದುಕೊಂಡೆ. ಆರು ಬಸ್ಸು ಬಂದವು, ನಿಜ. ಆದರೆ ಜೋಡಿ ಜೋಡಿಯಾಗಿ. ಎರಡು ನಿಮಿಷದ ಅಂತರದಲ್ಲಿ ಎರಡು, ಆಮೇಲೆ ಹದಿನೆಂಟು ನಿಮಿಷ ಏನೂ ಇಲ್ಲ. ಮುಂದಿನ ಬಸ್ಸು ಜನ ಹತ್ತಿಸಿಕೊಳ್ಳುತ್ತಾ ತಡವಾಗುತ್ತದೆ. ಹಿಂದಿನದಕ್ಕೆ ಜನ ಕಡಿಮೆ, ಅದು ಬೇಗ ಬಂದು ಮುಂದಿನದರ ಬೆನ್ನಿಗೆ ಅಂಟಿಕೊಳ್ಳುತ್ತದೆ. ಸರಿಯಾಗಿ ಹತ್ತು ನಿಮಿಷಕ್ಕೊಂದು ಬಂದರೆ ಸರಾಸರಿ ಐದು ನಿಮಿಷ ಕಾದರೆ ಸಾಕು. ಎರಡು, ಹದಿನೆಂಟು, ಎರಡು, ಹದಿನೆಂಟು ಅಂತ ಬಂದರೆ ಸರಾಸರಿ ಎಂಟು ನಿಮಿಷಕ್ಕೂ ಜಾಸ್ತಿ. ಯಾಕೆಂದರೆ ನಾವು ಸ್ಟಾಪಿಗೆ ಬರುವುದು ಹೆಚ್ಚಾಗಿ ಆ ಉದ್ದದ ಅಂತರದಲ್ಲೇ. ಬಸ್ಸಿನ ಸಂಖ್ಯೆ ಅಷ್ಟೇ ಇದ್ದರೂ ಕಾಯುವುದು ಒಂದೂವರೆ ಪಟ್ಟು. ವೇಳಾಪಟ್ಟಿ ನೋಡಿ ಮನೆ ಹಿಡಿಯುವವರು ಒಂದು ಬೆಳಿಗ್ಗೆಯಾದರೂ ಸ್ಟಾಪಿನಲ್ಲಿ ನಿಂತು ನೋಡಬೇಕು.

ಒಂಬತ್ತನೇ ಮನೆಯದು ನೋವಿನ ಕಥೆ. ಅದೂ ಸ್ಟೇಷನ್ ಹಿಂಭಾಗದಲ್ಲಿತ್ತು. "ಈ ಕಡೆಯಿಂದ ಹೊಸ ಗೇಟು ತೆಗೀತಾರೆ, ಎರಡು ತಿಂಗಳು ಅಷ್ಟೆ" ಅಂತ ಬ್ರೋಕರ್ ಒತ್ತಿ ಒತ್ತಿ ಹೇಳಿದರು. ಬೇರೆಯವರು ಕಾದಿದ್ದಾರೆ, ಇವತ್ತೇ ಟೋಕನ್ ಕೊಡಿ ಅಂದರು. ದಣಿದಿದ್ದೆ. ಕೊಟ್ಟುಬಿಟ್ಟೆ. ರಸೀದಿ ಕೇಳಿದ್ದಕ್ಕೆ "ನಂಬಿಕೆ ಇಲ್ವಾ ಮೇಡಂ" ಅಂದರು. ಸಂಜೆ ಸ್ಟೇಷನ್ ಸಿಬ್ಬಂದಿಯನ್ನು ವಿಚಾರಿಸಿದರೆ ಆ ಕಡೆ ಗೇಟಿನ ಯೋಚನೆಯೇ ಇಲ್ಲ. ಟೋಕನ್ ವಾಪಸು ಪಡೆಯಲು ಮೂರು ವಾರ ಫೋನು ಮಾಡಿದೆ. ಅರ್ಧ ಮಾತ್ರ ಸಿಕ್ಕಿತು. ಹಣ ಹೋದದ್ದಕ್ಕಿಂತ ಹೆಚ್ಚಾಗಿ, ಅಷ್ಟೆಲ್ಲ ಅಳೆದು ನೋಡುತ್ತಿದ್ದವಳು ಆ ಒಂದು ದಿನ ಇನ್ನೂ ಕಟ್ಟದ ಗೇಟನ್ನು ನಂಬಿದೆನಲ್ಲ ಅನ್ನುವುದು ಕಾಡಿತು. ಇವತ್ತು ಇರುವ ದಾರಿಗೆ ಮಾತ್ರ ಬಾಡಿಗೆ ಕೊಡಬೇಕು. ಮುಂದೆ ಬರುವ ದಾರಿಗೆ ಅದು ಬಂದ ಮೇಲೆ ಕೊಟ್ಟರಾಯಿತು.

ಹನ್ನೊಂದನೇ ಮನೆ ಸ್ಟೇಷನ್ನಿನಿಂದ ಏಳುನೂರು ಮೀಟರ್. ಜಾಹೀರಾತಿನಲ್ಲಿ ಮೆಟ್ರೊ ಅನ್ನುವ ಪದವೇ ಇರಲಿಲ್ಲ. ಓನರ್ ವಯಸ್ಸಾದ ಹೆಂಗಸು, ಕೆಳಗಿನ ಮಹಡಿಯಲ್ಲೇ ಇದ್ದರು. "ಸ್ಟೇಷನ್ ಎಷ್ಟು ದೂರ ಆಂಟಿ?" ಅಂದರೆ "ನನಗೆ ಅರ್ಧ ಗಂಟೆ ಆಗುತ್ತಮ್ಮ, ನಿನಗೆಷ್ಟೋ" ಅಂದರು. ಆ ಮಾತಿಗೇ ನನಗೆ ಅವರ ಮೇಲೆ ನಂಬಿಕೆ ಬಂತು.

ನಡೆದೆವು. ನನಗೆ ಒಂಬತ್ತು ನಿಮಿಷ. ಅಮ್ಮನಿಗೆ ಇಪ್ಪತ್ತಮೂರು. ಆದರೆ ಇಷ್ಟು ದಿನದಲ್ಲಿ ಅವಳದೇ ಒಂದು ಅಳತೆ ಬೆಳೆದಿತ್ತು. ಅವಳು ನಿಮಿಷ ಎಣಿಸುತ್ತಿರಲಿಲ್ಲ, ಕೂರುವ ಜಾಗ ಎಣಿಸುತ್ತಿದ್ದಳು. ಇಲ್ಲಿ ಮೂರು ಸಿಕ್ಕವು. ಒಂದು ಮರದ ಸುತ್ತ ಕಟ್ಟಿದ ಕಟ್ಟೆ, ಒಂದು ಗ್ರಂಥಾಲಯದ ಮುಂದಿನ ಬೆಂಚು, ಸ್ಟೇಷನ್ ಹತ್ತಿರ ಒಂದು ಅಂಗಡಿಯ ಜಗಲಿ. ಫುಟ್‌ಪಾತ್ ಮುರಿದಿರಲಿಲ್ಲ. ದಾಟಬೇಕಾದ ದೊಡ್ಡ ರಸ್ತೆ ಒಂದೇ, ಅಲ್ಲಿ ಸಿಗ್ನಲ್ ಇತ್ತು. ಹಸಿರು ದೀಪ ಆರುವುದರೊಳಗೆ ಅಮ್ಮ ದಾಟುತ್ತಾಳಾ ಅಂತ ನಾಲ್ಕು ಸಲ ನೋಡಿದೆವು. ಮೂರು ಸಲ ದಾಟಿದಳು. ಒಂದು ಸಲ ನಡುವಿನ ಕಟ್ಟೆಯ ಮೇಲೆ ನಿಲ್ಲಬೇಕಾಯಿತು. ನಿಲ್ಲಲು ಕಟ್ಟೆ ಇತ್ತಲ್ಲ, ಅದು ಮುಖ್ಯ.

ಅದೇ ದಾರಿಯಲ್ಲಿ ರಾತ್ರಿ ಹನ್ನೊಂದಕ್ಕೆ ನಾನೊಬ್ಬಳೇ ನಡೆದು ಬಂದೆ. ನನ್ನ ಕೆಲಸ ಕೆಲವು ದಿನ ಹತ್ತೂವರೆಗೆ ಮುಗಿಯುತ್ತದೆ. ಹಗಲು ಚೆಂದ ಕಂಡ ಬೀದಿ ರಾತ್ರಿ ಹೇಗಿರುತ್ತದೆ ಅಂತ ನೋಡದೆ ಯಾವ ಹೆಣ್ಣುಮಗಳೂ ಮನೆ ಹಿಡಿಯಬಾರದು. ದೀಪಗಳು ಉರಿಯುತ್ತಿದ್ದವು. ಔಷಧಿ ಅಂಗಡಿಯೊಂದು ತೆರೆದಿತ್ತು. ಮನೆಗಳ ಬಾಗಿಲು ಕಿಟಕಿ ಬೀದಿಗೆ ಮುಖ ಮಾಡಿದ್ದವು. ಉದ್ದನೆಯ ಕಾಂಪೌಂಡ್ ಗೋಡೆಯ ಪಕ್ಕ ನಡೆಯುವಾಗ ಆಗುವ ಆ ಭಯ ಇಲ್ಲಿ ಆಗಲಿಲ್ಲ.

ಸ್ಟೇಷನ್ನಿಗೆ ಎರಡು ಗೇಟು. ಲಿಫ್ಟ್ ಇದ್ದದ್ದು ಒಂದೇ ಗೇಟಿನಲ್ಲಿ, ಅದೂ ರಸ್ತೆಯ ನಮ್ಮ ಕಡೆಗೆ. ಎಸ್ಕಲೇಟರ್ ಮೇಲಕ್ಕೆ ಮಾತ್ರ ಓಡುತ್ತಿತ್ತು. ಮಂಡಿ ನೋವಿದ್ದವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಇದನ್ನು ನೋವಿದ್ದವರೇ ಬಲ್ಲರು. ಲಿಫ್ಟ್ ಇಲ್ಲದಿದ್ದರೆ ಆ ಮನೆ ನಮಗೆ ಆಗುತ್ತಲೇ ಇರಲಿಲ್ಲ.

ಕರಾರಿನ ವಿಷಯ ಬೇಗ ಹೇಳಿಬಿಡುತ್ತೇನೆ, ಅದು ಎಲ್ಲ ಮನೆಗೂ ಒಂದೇ. ಪೂರ್ತಿ ಓದಿ ಸಹಿ ಹಾಕಿದೆ. ಬಾಡಿಗೆ ಯಾವಾಗ ಎಷ್ಟು ಏರುತ್ತದೆ, ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು, ಡೆಪಾಸಿಟ್‌ನಲ್ಲಿ ಯಾವುದಕ್ಕೆ ಹಿಡಿದುಕೊಳ್ಳಬಹುದು, ಈ ಮೂರನ್ನೂ ಅಂಕಿಯಲ್ಲಿ ಬರೆಸಿದೆ. "ಮಾಮೂಲಿ ಸವೆತ"ಕ್ಕೆ ಹಣ ಹಿಡಿಯುವುದಿಲ್ಲ ಅಂತ ಒಂದು ಸಾಲು ಸೇರಿಸಿ ಅಂತ ಕೇಳಿದೆ, ಆಂಟಿ ಒಪ್ಪಿದರು. ಸಾಮಾನು ಇಳಿಸುವ ಮುಂಚೆ ಪ್ರತಿ ಕೋಣೆಯ ಗೋಡೆ, ನಲ್ಲಿ, ಸ್ವಿಚ್ಚು, ಕರೆಂಟ್ ಮೀಟರಿನ ಅಂಕಿ, ಎಲ್ಲದರ ಫೋಟೊ ತೆಗೆದು ಅವರಿಗೂ ಕಳಿಸಿದೆ. ಹಣ ಕೊಟ್ಟದ್ದಕ್ಕೆಲ್ಲ ರಸೀದಿ ತೆಗೆದುಕೊಂಡೆ. ಒಂಬತ್ತನೇ ಮನೆ ಅಷ್ಟಾದರೂ ಕಲಿಸಿತ್ತು.

ಬಂದು ಒಂದು ವರ್ಷದ ಮೇಲಾಯಿತು. ಮನೆ ಬಾಗಿಲಿನಿಂದ ಆಫೀಸ್ ಬಾಗಿಲಿಗೆ ಈಗ ನಲವತ್ತೊಂದು ನಿಮಿಷ. ಮಳೆ ಬಂದರೆ ಐವತ್ತು. ಮೊದಲ ವಾರ ಸಂಜೆ ಬೆಳಕಿರುವಾಗಲೇ ಮನೆಗೆ ಬಂದು, ಏನು ಮಾಡಬೇಕು ಅಂತ ತೋಚದೆ ಅಮ್ಮನ ಪಕ್ಕ ಕೂತಿದ್ದೆ.

ಅಳೆದರೂ ತಪ್ಪಿದ್ದು ಎರಡಿವೆ. ರಾತ್ರಿ ಹತ್ತಾದ ಮೇಲೆ ನಮ್ಮ ಕಡೆಯ ಗೇಟು ಮುಚ್ಚುತ್ತಾರೆ, ಇನ್ನೊಂದರಿಂದಲೇ ಬರಬೇಕು. ನಾನು ಆ ರಾತ್ರಿ ನಡೆದು ನೋಡುವಾಗ ಸ್ಟೇಷನ್ ಹೊರಗಿನಿಂದ ಶುರು ಮಾಡಿದ್ದೆ, ರೈಲಿನಿಂದ ಇಳಿದು ಅಲ್ಲ. ಹಾಗಾಗಿ ಗೊತ್ತಾಗಲಿಲ್ಲ. ಇನ್ನೊಂದು, ಲಿಫ್ಟ್ ಕೆಡುತ್ತದೆ. ಮೊದಲ ಸಲ ಕೆಟ್ಟಾಗ ಹನ್ನೆರಡು ದಿನ ಸರಿಯಾಗಲಿಲ್ಲ. ಅಮ್ಮ ಆ ಹನ್ನೆರಡು ದಿನ ಎಲ್ಲಿಗೂ ಹೋಗಲಿಲ್ಲ. ಒಂದೇ ಲಿಫ್ಟ್ ಇರುವ ಸ್ಟೇಷನ್ ಅಂದರೆ ಕೆಲವು ದಿನ ಲಿಫ್ಟೇ ಇಲ್ಲದ ಸ್ಟೇಷನ್. ನಾನು ದೂರು ಬರೆದೆ. ಆಂಟಿಯೂ ಸಹಿ ಹಾಕಿದರು, ಬೀದಿಯ ಇನ್ನೂ ಒಂಬತ್ತು ಮನೆಯವರು ಹಾಕಿದರು. ಎರಡನೇ ಸಲ ನಾಲ್ಕು ದಿನಕ್ಕೆ ಸರಿಯಾಯಿತು.

ಹೋದ ತಿಂಗಳು ಒಂದು ಮಂಗಳವಾರ ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಅಮ್ಮನ ಫೋನು ಬಂತು. ಹಿಂದೆ ರೈಲಿನ ಘೋಷಣೆ ಕೇಳಿಸುತ್ತಿತ್ತು. ನನ್ನ ಎದೆ ಧಸಕ್ಕೆಂದಿತು.

"ಎಲ್ಲಿದ್ದೀಯಮ್ಮ?"

"ಚಿಕ್ಕಮ್ಮನ ಸ್ಟೇಷನ್‌ನಲ್ಲಿ ಇಳಿದೆ. ಅವಳಿಗಿನ್ನೂ ಹೇಳಿಲ್ಲ, ಹೋಗಿ ಬಾಗಿಲು ತಟ್ತೀನಿ. ಇಲ್ಲೊಂದು ಬೆಂಚಿದೆ, ಕೂತಿದ್ದೀನಿ."

"ಒಬ್ಬಳೇ ಹೋದ್ಯಾ? ಕಾಲು ನೋವು?"

"ಇದೆ. ಕಟ್ಟೆ ಹತ್ರ ಕೂತೆ, ಲೈಬ್ರರಿ ಹತ್ರ ಕೂತೆ. ಜಗಲಿ ಹತ್ರ ಕೂರಲಿಲ್ಲ ಕಣೇ" ಅಂದಳು.